ಸ್ವಂತ ವಾಕ್ಯದಲ್ಲಿ ಬಳಸಿರಿ

ನಮ್ಮೂರು ಮನಗೂಳಿಯ ಯಾವ ದವಾಖಾನೆಯ ದಪ್ತರದಲ್ಲೂ ಹೆಸರಿಲ್ಲದ ಒಬ್ಬ ರೋಗಿ ನಮ್ಮ ಸಾಲಿಯಲ್ಲಿ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಸಾಯುತ್ತಿದ್ದ. ಅವನು ಸಾಯುವ ತಿಥಿಯೂ ನಿಗದಿಯಾಗಿತ್ತು. ದೀಪಾವಳಿ ಸೂಟಿ ಮುಗಿದು ‘ಪಾಸ್ಟ್ ಪರ್ಫೆಕ್ಟ್ ಟೆನ್ಸ್’ ಶುರುವಾದ ದಿನ. ಮಾಸ್ತರು ಕರಿಹಲಗೆಯ ಮೇಲೆ ವಾಕ್ಯ ಬರೆಯುತ್ತಿದ್ದರು. ನಾವು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಅದರ ನೆತ್ತಿಯ ಮೇಲೆ ಮಾಸ್ತರಿಗೆ ಕಾಣದಷ್ಟು ಸಣ್ಣಗೆ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆವು: ‘ದಿ ಪೇಶಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್.’

“ಇದರಾಗ ಎರಡು ಕೆಲಸ ನಡದಾವ. ಮೊದಲ ಯಾವುದು?”

“ಪೇಶಂಟ್ ಸತ್ತದ್ದು ರೀ ಸರ್.”

“ಆಮ್ಯಾಲ?”

“ಡಾಕ್ಟರ್ ಬಂದದ್ದು ರೀ ಸರ್.”

“ಮೊದಲ ನಡದದ್ದಕ್ಕ ‘ಹ್ಯಾಡ್’ ಹಚ್ಚಬೇಕು. ತಿಳೀತಿಲ್ಲೋ?”

ಎಲ್ಲರಿಗೂ ತಿಳಿದಿತ್ತು. ಹಿಂದಿನ ಬೆಂಚಿನವನೊಬ್ಬನಿಗೆ ಮಾತ್ರ ವ್ಯಾಕರಣಕ್ಕಿಂತ ಹೆಚ್ಚು ತಿಳಿಯಬೇಕಾಗಿತ್ತು. “ಸರ್, ಡಾಕ್ಟರ್ ಯಾಕ ತಡಾ ಮಾಡಿ ಬಂದ್ರು ರೀ?” ಎಂದು ಕೇಳಿಬಿಟ್ಟ. ಮಾಸ್ತರು ಒಂದು ಗಳಿಗೆ ಯೋಚಿಸಿದರು. ಬೈದಾರು ಅಂತ ನಾವು ಕಾಯುತ್ತಿದ್ದೆವು. ಅವರು ಸೀಮೆಸುಣ್ಣ ಕೆಳಗಿಟ್ಟು, “ಬಿಜಾಪುರದಿಂದ ಬರಬೇಕಲಾ, ಬಸ್ ಸಿಕ್ಕಿರಾಕಿಲ್ಲ” ಎಂದರು. ಆಗ ಮಾತ್ರ ಆ ವಾಕ್ಯ ನಮಗೆ ನಿಜವಾಗಿ ಅರ್ಥವಾಯಿತು. ಬಿಜಾಪುರ ನಮ್ಮೂರಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅದು ವಿಜಯಪುರವಾಗಿದ್ದು 2014ರಲ್ಲಿ, ಬಸ್ಸು ತಪ್ಪುವುದು ಅದಕ್ಕೂ ಬಹಳ ಹಿಂದಿನಿಂದ ಇದೆ. ರೋಗಿಯೊಬ್ಬ ಯಾಕೆ ಸತ್ತ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತಿಳಿಸಿದ ವ್ಯಾಕರಣ ಪಾಠವನ್ನು ನಾನು ಮುಂದೆ ಎಲ್ಲೂ ಕೇಳಲಿಲ್ಲ.

ಈ ರೋಗಿ ಒಬ್ಬನೇ ಅಲ್ಲ. ಇಂಗ್ಲಿಷ್ ಕಲಿಯುವವರಿಗಾಗಿಯೇ ಒಂದು ಊರು ಇದೆ, ಉದಾಹರಣೆ ವಾಕ್ಯಗಳ ಊರು. ಅಲ್ಲಿನ ಜನಸಂಖ್ಯೆ ಬಹಳ ಕಡಿಮೆ, ಕಷ್ಟ ಮಾತ್ರ ಬಹಳ. ಅಲ್ಲೊಬ್ಬ ರಾಮ. ಅವನು ಹಾವು ಕೊಲ್ಲುತ್ತಾನೆ. ಕೊಂದು ಮುಗಿಯುವುದರೊಳಗೆ ‘ಚೇಂಜ್ ದಿ ವಾಯ್ಸ್’ ಎಂದು ಅಪ್ಪಣೆಯಾಗುತ್ತದೆ. ಈಗ ಹಾವು ರಾಮನಿಂದ ಕೊಲ್ಲಲ್ಪಡುತ್ತದೆ. ಹಾವಿನ ಕಡೆಯಿಂದ ನೋಡಿದರೆ ಎರಡಕ್ಕೂ ಏನೂ ಫರಕಿಲ್ಲ, ನಮಗೆ ಮಾತ್ರ ಎರಡು ಅಂಕದ ಫರಕು. ಹಾವು ಕೊಂದ ಇದೇ ರಾಮ ಮಾರನೆಯ ದಿನ ‘ಟೂ ವೀಕ್ ಟು ವಾಕ್’, ಎದ್ದು ನಾಲ್ಕು ಹೆಜ್ಜೆ ಇಡಲಾರದಷ್ಟು ನಿತ್ರಾಣ. ಒಬ್ಬ ಕಳ್ಳ ಇದ್ದಾನೆ. ಪೊಲೀಸನನ್ನು ಕಂಡ ಕೂಡಲೆ ಓಡುತ್ತಾನೆ. ಅವನು ಒಂದು ಸಲ ಓಡಿದರೆ ಪರೀಕ್ಷೆ ಮಂಡಳಿಗೆ ಸಮಾಧಾನವಿಲ್ಲ. ಮೊದಲು ‘ಆ್ಯಸ್ ಸೂನ್ ಆ್ಯಸ್’ ಹಾಕಿ ಓಡಬೇಕು, ಆಮೇಲೆ ‘ನೋ ಸೂನರ್’ ಹಾಕಿ ಓಡಬೇಕು, ಜಾಣ ಹುಡುಗರ ನೋಟ್‌ಬುಕ್ಕಿನಲ್ಲಿ ‘ಹಾರ್ಡ್ಲಿ’ ಹಾಕಿ ಮೂರನೆಯ ಸಲವೂ ಓಡಬೇಕು. ಪೊಲೀಸ್ ಮಾತ್ರ ಮೂರೂ ಸಲ ನಿಂತಲ್ಲೇ ನಿಂತಿರುತ್ತಾನೆ. ನೋಡಿದ್ದಷ್ಟೇ ಅವನ ಡ್ಯೂಟಿ.

ಆ ಊರಿಗೆ ಒಂದು ರೈಲು ನಿಲ್ದಾಣವೂ ಉಂಟು. ಅಲ್ಲಿಗೆ ಯಾರು ಹೋಗಿ ತಲುಪಿದರೂ ರೈಲು ಬಿಟ್ಟಿರುತ್ತದೆ. ಮನಗೂಳಿಗೆ ರೈಲೇ ಇಲ್ಲ. ಬಸವನ ಬಾಗೇವಾಡಿಗೇ ನಿಲ್ದಾಣ ಊರ ಹೊರಗೆ ತೆಲಗಿಯ ಹತ್ತಿರ, ಹೆಸರು ‘ಬಸವನ ಬಾಗೇವಾಡಿ ರೋಡ್’. ರೈಲು ಹತ್ತುವ ಯೋಗವೇ ಇಲ್ಲದ ನಾವು ಅದನ್ನು ತಪ್ಪಿಸಿಕೊಳ್ಳುವುದನ್ನು ಮಾತ್ರ ಶುದ್ಧ ವ್ಯಾಕರಣದಲ್ಲಿ ಕಲಿತೆವು.

ಈ ಊರಿನ ಗೌಡರು ಯಾರು ಎಂದು ಕೇಳಿದರೆ, ರೆನ್ ಮತ್ತು ಮಾರ್ಟಿನ್ ಎನ್ನಬೇಕು. ಇವರ ಹೈಸ್ಕೂಲ್ ವ್ಯಾಕರಣ 1930ರ ದಶಕದಿಂದ ಭಾರತದ ಹುಡುಗರ ಬೆನ್ನು ಬಿಟ್ಟಿಲ್ಲ. ಪಿ.ಸಿ. ರೆನ್ ಸಾಹೇಬರು ಆಗಿನ ಮುಂಬೈ ಪ್ರಾಂತದ ಶಿಕ್ಷಣ ಖಾತೆಯಲ್ಲಿ ಕೆಲಸ ಮಾಡಿದವರು. ನಮ್ಮ ಜಿಲ್ಲೆಯೂ ಆಗ ಅದೇ ಪ್ರಾಂತದ್ದು, ಹಾಗಾಗಿ ಅವರು ನಮಗೆ ಒಂದು ಲೆಕ್ಕದಲ್ಲಿ ಹಳೆಯ ನೌಕರಸ್ಥರೇ. ಆದರೆ ಅವರ ಇನ್ನೊಂದು ಮುಖ ನಮಗೆ ಯಾರೂ ಹೇಳಿರಲಿಲ್ಲ. 1924ರಲ್ಲಿ ಅವರು ‘ಬೋ ಜೆಸ್ಟ್’ ಎಂಬ ಕಾದಂಬರಿ ಬರೆದರು. ಮರುಭೂಮಿ, ಫ್ರೆಂಚ್ ಫಾರಿನ್ ಲೀಜನ್, ಬಂದೂಕು, ಕಳುವಾದ ಹರಳು, ಅಣ್ಣತಮ್ಮಂದಿರ ಸಾಹಸ. ಸಿನಿಮಾವೂ ಆಯಿತು. ಇಷ್ಟು ಬಿಸಿ ರಕ್ತದ ಮನುಷ್ಯ ನಮಗೆ ಮಾತ್ರ ಆರ್ಟಿಕಲ್ ತುಂಬಿಸುವ ಖಾಲಿ ಜಾಗ ಕೊಟ್ಟು ಹೋದರಲ್ಲ ಎಂದು ಈಗಲೂ ನನಗೆ ಹೊಟ್ಟೆಯುರಿ. ವ್ಯಾಕರಣದ ಮಧ್ಯೆ ಆ ಮರುಭೂಮಿಯ ಗುಂಡಿನ ಚಕಮಕಿ ನಾಲ್ಕು ಪುಟ ಹಾಕಿದ್ದರೆ ನಮ್ಮ ತಾಲೂಕಿನ ರಿಸಲ್ಟೇ ಬೇರೆ ಆಗುತ್ತಿತ್ತು.

ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಒಂದು ಸಾಲು ಇರುತ್ತಿತ್ತು: ಕೆಳಗಿನ ಶಬ್ದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ. ‘ಸ್ವಂತ’ ಎನ್ನುವುದನ್ನು ನಾವ್ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಗೈಡಿನಲ್ಲಿ ಎಲ್ಲ ಶಬ್ದಕ್ಕೂ ಸ್ವಂತ ವಾಕ್ಯ ತಯಾರಿರುತ್ತಿತ್ತು. ಇಡೀ ವರ್ಗಕ್ಕೆ ಒಂದೇ ಗೈಡು. ಹೀಗಾಗಿ ‘ಬ್ರೇವ್’ ಎಂಬ ಶಬ್ದಕ್ಕೆ ಎಲ್ಲರ ಸ್ವಂತ ವಾಕ್ಯದಲ್ಲೂ ಶಿವಾಜಿಯೇ ಬರುತ್ತಿದ್ದ, ‘ಹಾನೆಸ್ಟ್’ ಎಂದರೆ ಎಲ್ಲರಿಗೂ ಗಾಂಧೀಜಿಯೇ. ಗೈಡು ಕೊಳ್ಳಲು ರೊಕ್ಕವಿಲ್ಲದವರು ಕೆಲವರಿದ್ದರು, ತಲೆ ಓಡಿಸಿದ್ದು ಅವರೇ. ಅವರಲ್ಲೊಬ್ಬ ಯಾವ ಶಬ್ದ ಕೊಟ್ಟರೂ ನಡೆಯುವ ಒಂದು ಕೀಲಿಕೈ ಕಂಡುಹಿಡಿದಿದ್ದ: ‘ಐ ಸಾ ಎ ಡ್ಯಾಶ್ ಇನ್ ದಿ ಮಾರ್ಕೆಟ್.’ ಡ್ಯಾಶ್ ಇದ್ದಲ್ಲಿ ಕೊಟ್ಟ ಶಬ್ದ ಹಾಕಿದರಾಯಿತು. ಐ ಸಾ ಎ ಕ್ಯಾಮೆಲ್ ಇನ್ ದಿ ಮಾರ್ಕೆಟ್, ಐ ಸಾ ಎ ಫ್ರೆಂಡ್ ಇನ್ ದಿ ಮಾರ್ಕೆಟ್. ‘ಕ್ಯಾಪಿಟಲ್’ ಬರುವತನಕ ಇದು ಚೆನ್ನಾಗಿಯೇ ನಡೆಯಿತು. ಆ ದಿನ ಅವನು ಮನಗೂಳಿ ಸಂತೆಯಲ್ಲಿ ದೇಶದ ರಾಜಧಾನಿಯನ್ನು ಕಂಡ. ‘ಸಾರೋ’ ಬಂದಾಗ ದುಃಖವನ್ನೂ ಅಲ್ಲೇ ಕಂಡ. ಉಳ್ಳಾಗಡ್ಡಿ ದರ ಬಿದ್ದ ವರ್ಷ ಅದು, ಮಾಸ್ತರು ಅದಕ್ಕೆ ರೈಟ್ ಹಾಕಿದರು.

ಅವನಿಗಿಂತ ಜಾಣ ಇನ್ನೊಬ್ಬ ಇದ್ದ. ‘ಹಾರಿಜಾನ್’ ಶಬ್ದವನ್ನು ಸ್ವಂತ ವಾಕ್ಯದಲ್ಲಿ ಬಳಸು ಎಂದರೆ, ‘ಐ ಡು ನಾಟ್ ನೋ ದಿ ಮೀನಿಂಗ್ ಆಫ್ ಹಾರಿಜಾನ್’ ಎಂದು ಬರೆದ. ಕರ್ತೃ ಇದೆ, ಕ್ರಿಯೆ ಇದೆ, ಸ್ಪೆಲಿಂಗ್ ಸರಿಯಿದೆ, ಶಬ್ದ ಬಳಸಿಯೂ ಆಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಡೀ ವರ್ಗದಲ್ಲಿ ಅದೊಂದೇ ನಿಜವಾದ ಸ್ವಂತ ವಾಕ್ಯ. ಮಾಸ್ತರು ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರಂತೆ. ಕೊನೆಗೆ ಅರ್ಧ ಅಂಕ ಕೊಟ್ಟರು. ಉಳಿದ ಅರ್ಧ ಯಾವುದಕ್ಕೆ ಹೋಯಿತೆಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವನು ಈಗ ವಕೀಲ.

ನುಡಿಗಟ್ಟುಗಳ ಪಾಠ ಬಂದಾಗ ತೊಂದರೆ ಹೆಚ್ಚಾಯಿತು. ಜೋರು ಮಳೆಗೆ ಇಂಗ್ಲಿಷರ ನಾಯಿ ಬೆಕ್ಕು ಬೀಳುತ್ತವೆ ಎಂಬುದನ್ನು ನಾವು ನಂಬಿದೆವು. ಮಾಸ್ತರು ಹೇಳಿದ್ದನ್ನು ನಂಬದಿರುವ ರೂಢಿ ಆಗ ಇರಲಿಲ್ಲ. ಆದರೆ ನಮ್ಮದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆ. ಅದೂ ಕರೆದಾಗ ಬರುವ ಮಳೆಯಲ್ಲ. ಇಂಥ ಊರಲ್ಲಿ ಆ ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸು ಎಂದರೆ ಎಲ್ಲಿಂದ ತರುವುದು? ಒಕ್ಕಲುತನದ ಮನೆಯ ಹುಡುಗಿಯೊಬ್ಬಳು ಬರೆದಳು: ‘ಇಟ್ ಡಿಡ್ ನಾಟ್ ರೇನ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್ ದಿಸ್ ಇಯರ್ ಆಲ್ಸೋ.’ ಕೊನೆಯ ‘ಆಲ್ಸೋ’ ಅಲ್ಲಿ ಬರಬಾರದು ಎಂದು ಮಾಸ್ತರು ಅದನ್ನು ಹೊಡೆದುಹಾಕಿದರು. ಇಡೀ ವಾಕ್ಯದ ಜೀವ ಇದ್ದದ್ದೇ ಅದರಲ್ಲಿ. ತೊಗರಿ ಒಣಗಿದ ಹೊಲವನ್ನು ಒಂದೇ ಶಬ್ದದಲ್ಲಿ ಹೇಳಿದ್ದಳು.

ಇಷ್ಟಾದರೂ ಡಿಕ್ಷನರಿ ನೋಡಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ನೋಡಿದ್ದೆವು. ನಮ್ಮ ಕೈಗೆ ಬಂದ ಡಿಕ್ಷನರಿಗಳಿಗೆ ಒಂದು ಗುಣವಿತ್ತು. ಸುಳ್ಳು ಎಂದರೇನು ಎಂದು ನೋಡಿದರೆ ನಿಜವಲ್ಲದ್ದು ಎನ್ನುತ್ತಿದ್ದವು. ನಿಜ ಎಂದರೇನು ಎಂದು ನೋಡಿದರೆ ಸುಳ್ಳಲ್ಲದ್ದು. ಗಾಣದೆತ್ತಿಗಾದರೂ ಕೊನೆಗೆ ಎಣ್ಣೆ ಬಂದ ಸಮಾಧಾನವಿರುತ್ತದೆ. ಈ ಸಂಕಟ ನಮ್ಮೊಬ್ಬರದೇ ಅಲ್ಲ, ಇದಕ್ಕೆ ಮದ್ದು ಹುಡುಕಿದವರೂ ಇಂಗ್ಲೆಂಡಿನಲ್ಲಿ ಕೂತು ಹುಡುಕಿದವರಲ್ಲ ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಮೈಕೆಲ್ ವೆಸ್ಟ್ ಎಂಬವರು ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮಾಸ್ತರುಗಳಿಗೆ ತರಬೇತಿ ಕೊಡುತ್ತಿದ್ದವರು. ಅವರು 1935ರಲ್ಲಿ ಜೊತೆಗಾರರೊಬ್ಬರೊಡನೆ ಒಂದು ಡಿಕ್ಷನರಿ ತಂದರು. ಸುಮಾರು 24,000 ಶಬ್ದ ಮತ್ತು ನುಡಿಗಟ್ಟುಗಳ ಅರ್ಥವನ್ನು ಬರೇ 1,490 ಸುಲಭ ಶಬ್ದಗಳೊಳಗೇ ಹೇಳಿ ಮುಗಿಸಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿದ್ದುದರಿಂದಲೇ ಹೇಳಬೇಕು ಎಂಬ ಹಟ.

ಇನ್ನೊಬ್ಬರು ಎ.ಎಸ್. ಹಾರ್ನ್‌ಬಿ. ಅವರು ಜಪಾನಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಹುಡುಗರಿಗೆ ಅರ್ಥ ಗೊತ್ತಾದರೂ ವಾಕ್ಯ ಕಟ್ಟಲು ಬಾರದು ಎಂದು ನೋಡಿ, ಯಾವ ಶಬ್ದ ವಾಕ್ಯದಲ್ಲಿ ಹೇಗೆ ಕೂರುತ್ತದೆ ಎಂದು ಉದಾಹರಣೆ ಕೊಟ್ಟು ತೋರಿಸುವ ನಿಘಂಟು ಮಾಡಿದರು. ಅದು ಟೋಕಿಯೊದಲ್ಲಿ ಅಚ್ಚಾದದ್ದು 1942ರಲ್ಲಿ, ಬ್ರಿಟನ್ನಿಗೂ ಜಪಾನಿಗೂ ಯುದ್ಧ ಹತ್ತಿ ಉರಿಯುತ್ತಿದ್ದಾಗ. ಶತ್ರುವಿನ ಮೇಲೆ ಬಾಂಬು ಹಾಕುತ್ತಲೇ ಅವನ ಭಾಷೆಯ ನಿಘಂಟನ್ನೂ ಅಚ್ಚು ಹಾಕಿದ ಜಪಾನಿಗರ ತಣ್ಣನೆಯ ತಲೆಗೆ ಕೈ ಮುಗಿಯಬೇಕು. ಅದನ್ನೇ 1948ರಲ್ಲಿ ಆಕ್ಸ್‌ಫರ್ಡಿನವರು ತಮ್ಮ ಹೆಸರಿನಲ್ಲಿ ತಂದರು. ಇವತ್ತು ವಿಜಯಪುರದ ಪುಸ್ತಕದಂಗಡಿಯಲ್ಲಿ ಕೆಳಗಿನ ಅರೆಯನ್ನು ಬಗ್ಗಿಸಿರುವ ಆ ದಪ್ಪ ಡಿಕ್ಷನರಿ ಅದರ ಮೊಮ್ಮಗ.

1987ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಮತ್ತು ಅವರ ತಂಡದವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಕಂಪ್ಯೂಟರಿಗೆ ಲೆಕ್ಕವಿಲ್ಲದಷ್ಟು ಬರಹ ತುಂಬಿಸಿ, ಜನ ನಿಜವಾಗಿ ಆಡುವ ವಾಕ್ಯಗಳನ್ನೇ ಹೆಕ್ಕಿ, ‘ಕೋಬಿಲ್ಡ್’ ಎಂಬ ಡಿಕ್ಷನರಿ ಮಾಡಿದರು. ಅದರಲ್ಲಿ ಅರ್ಥವೇ ಒಂದು ವಾಕ್ಯ. ಒಬ್ಬ ಮನುಷ್ಯ ಹೀಗೆ ಹೀಗೆ ಮಾಡಿದರೆ ಅದಕ್ಕೆ ಇಂಥ ಶಬ್ದ ಹೇಳುತ್ತಾರೆ ಎಂಬ ಧಾಟಿ. ಜಗತ್ತಿನ ಭಾಷಾಪಂಡಿತರು ಇದನ್ನು ಹೊಸ ಶೋಧ ಎಂದು ಹೊಗಳಿದರು. ನಾನು ಮಾತ್ರ ಅದನ್ನು ಮೊದಲು ತೆರೆದು ನೋಡಿದಾಗ, ಇದು ನಮ್ಮ ಕಾಕಾನ ಪದ್ಧತಿಯಲ್ಲವೇ ಎಂದುಕೊಂಡೆ.

ನಮ್ಮ ಕಾಕಾ ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ, ಅಂದರೆ ಏಳನೇ ಇಯತ್ತೆ. ಆಗ ನಮ್ಮದು ಮುಂಬೈ ರಾಜ್ಯ, ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆಯವರೆಗೆ ಇಂಗ್ಲಿಷಿನ ಸುದ್ದಿಯೇ ಇರಲಿಲ್ಲ. ಇಂಗ್ಲಿಷ್ ಶುರುವಾಗುವ ಬಾಗಿಲಿನವರೆಗೆ ಹೋಗಿ, ಒಳಗೆ ಇಣುಕದೆ ಹೊಲಕ್ಕೆ ಹೊರಟ ಮನುಷ್ಯ. ಆದರೆ ಇಂಗ್ಲಿಷ್ ಅವನನ್ನು ಬಿಡಲಿಲ್ಲ. ಪಂಪ್‌ಸೆಟ್ಟಿನ ಜೊತೆ ಬಂತು, ಬೋರಿನ ಜೊತೆ ಬಂತು, ಕರೆಂಟಿನ ಟಿ.ಸಿ. ಸುಟ್ಟಾಗ ಬಂತು, ತ್ರೀ ಫೇಜ್ ಕರೆಂಟಿನ ಜೊತೆ ರಾತ್ರಿ ಎರಡು ಗಂಟೆಗೆ ಬಂದು ಎಬ್ಬಿಸಿತು. ಕಾಕಾನ ಅರ್ಥವಿವರಣೆಗಳನ್ನು ಯಾರಾದರೂ ಬರೆದಿಡಬೇಕಿತ್ತು. ಒಮ್ಮೆ ನಾನು ಚೇಷ್ಟೆಗೆ, “ಕಾಕಾ, ‘ಅರ್ಜೆಂಟ್’ ಅಂದ್ರೇನು?” ಎಂದು ಕೇಳಿದೆ.

“ಉಳ್ಳಾಗಡ್ಡಿ ಚೀಲ ಹೇರಿ ಗಾಡಿ ನಿಂತೈತಿ. ಮ್ಯಾಲ ಮಾಡ ಕವದೈತಿ. ದಲಾಲಿ ಫೋನ್ ಎತ್ತವಲ್ಲ. ಆವಾಗ ಏನ ಆಗತೈತಲ್ಲ ಹೊಟ್ಟ್ಯಾಗ, ಅದಕ್ಕ ಅರ್ಜೆಂಟ್ ಅಂತಾರ.”

“ಪೆಂಡಿಂಗ್?”

“ನೀ ಅರ್ಜಿ ಕೊಟ್ಟಿರ್ತಿ. ಅವರು ಇಸಗೊಂಡಿರ್ತಾರ. ಕೊಟ್ಟದ್ದು ನಿನಗೂ ನೆನಪೈತಿ, ಇಸಗೊಂಡದ್ದು ಅವರಿಗೂ ನೆನಪೈತಿ. ಅರ್ಜಿಗೆ ಒಂದಕ್ಕs ನೆನಪಿಲ್ಲ. ಅದು ಪೆಂಡಿಂಗ್.”

“ಮತ್ತ ‘ಸರ್ವರ್ ಡೌನ್’?”

ಕಾಕಾ ಕಟ್ಟೆಯಿಂದ ಏಳಲು ನೋಡಿ, ಅರ್ಧಕ್ಕೆ ನಿಂತು, ಮೊಣಕಾಲು ಹಿಡಿದು ಮತ್ತೆ ಕೂತ. “ಇದs ನೋಡು” ಎಂದ.

ಬರ್ಮಿಂಗ್‌ಹ್ಯಾಮಿನವರಿಗೆ ಇಂಥ ವಿವರಣೆ ಸಿಕ್ಕಿದ್ದರೆ ಕಂಪ್ಯೂಟರಿನ ಖರ್ಚು ಉಳಿಯುತ್ತಿತ್ತು. ಅರ್ಥ ಎನ್ನುವುದು ಪರೀಕ್ಷಕನ ಸಲುವಾಗಿ, ಉದಾಹರಣೆ ವಾಕ್ಯ ಮಾತ್ರ ನಮ್ಮ ಸಲುವಾಗಿ ಎಂದು ನನ್ನ ಅಭಿಪ್ರಾಯ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ಇವತ್ತಿಗೂ ಜನ ಕಾದಂಬರಿ ಓದಿದಷ್ಟು ಖುಷಿಯಿಂದ ಓದುವುದು ಅದರ 70,000 ಶಬ್ದಗಳಿಗಾಗಿ ಅಲ್ಲ, ನಡುನಡುವೆ ಸಿಗುವ ಗಾದೆ ಮತ್ತು ಪ್ರಯೋಗಗಳಿಗಾಗಿ. ಆ ಪಾದ್ರಿಗೆ ಕನ್ನಡದವರ ಬಾಯಿ ಗೊತ್ತಿತ್ತು.

ಉದಾಹರಣೆಯಿಲ್ಲದೆ ಬರೇ ಅರ್ಥ ಉರುಹೊಡೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಕಾನ ಮೊಮ್ಮಗನೇ ಸಾಕ್ಷಿ. ಹುಡುಗ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ. ಮನಗೂಳಿಯಿಂದ ಹಿಡಿದು ಧಾರವಾಡದವರೆಗೆ ಯಾವ ಓಣಿಗೆ ಹೋದರೂ ಈಗ ಒಬ್ಬ ಹುಡುಗ ಯಾವುದೋ ಒಂದು ಪರೀಕ್ಷೆಗೆ ಓದುತ್ತಿರುತ್ತಾನೆ. ಅವರ ಪುಸ್ತಕದಲ್ಲಿ ‘ಒನ್ ವರ್ಡ್ ಸಬ್‌ಸ್ಟಿಟ್ಯೂಷನ್’ ಎಂಬ ಭಾಗವಿರುತ್ತದೆ, ಒಂದು ವಾಕ್ಯಕ್ಕೆ ಒಂದೇ ಶಬ್ದ. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಹುಡುಗ ಗಟ್ಟಿಯಾಗಿ ಓದುತ್ತಿದ್ದ. ನಮ್ಮ ಚಿಗವ್ವ ಮರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಕಾಕಾ ಹೊರಸಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

“ಪ್ಯಾಟ್ರಿಸೈಡ್, ತಂದೆಯ ಕೊಲೆ. ಮ್ಯಾಟ್ರಿಸೈಡ್, ತಾಯಿಯ ಕೊಲೆ. ಫ್ರ್ಯಾಟ್ರಿಸೈಡ್, ಅಣ್ಣತಮ್ಮಂದಿರ ಕೊಲೆ. ರೆಜಿಸೈಡ್, ರಾಜನ ಕೊಲೆ.”

ಚಿಗವ್ವನ ಕೈ ನಿಂತಿತು. “ಯಪ್ಪಾ, ಇದು ಫೌಜದಾರ ಆಗೂ ಪರೀಕ್ಷಾನೋ, ಖೂನಿ ಮಾಡೂ ಪರೀಕ್ಷಾನೋ?”

“ಇಂಗ್ಲಿಷ್ ಐತಿ ಆಯಿ. ಸುಮ್ಮಕಿರು. ಅಕ್ಸೋರಿಸೈಡ್, ಹೆಂಡತಿಯ ಕೊಲೆ.”

“ಅದಕ್ಕೂ ಹೆಸರೈತೇನು?” ಚಿಗವ್ವ ಒಂದು ಹಳ್ಳು ಆರಿಸಿ ಅಂಗಳಕ್ಕೆ ಎಸೆದಳು. “ಗಂಡನ್ನ ಕೊಂದ್ರ ಏನಂತಾರ?”

ಹುಡುಗ ಪುಟ ಮೇಲೆ ಕೆಳಗೆ ನೋಡಿದ, ತಿರುವಿ ನೋಡಿದ. “ಅದು ಬುಕ್ಕಿನ್ಯಾಗ ಇಲ್ಲ ಆಯಿ.”

“ಹೌದೇನು? ಹಂಗಾರ ಅದಕ್ಕ ಕೇಸ್ ಆಗೂದಿಲ್ಲ ಬಿಡು.”

ಕಾಕಾ ಹೊರಸಿನ ಮೇಲೆ ಈ ಕಡೆ ಹೊರಳಿದ. ಅಲ್ಲಿಗೂ ಚಿಗವ್ವ ಬಿಡಲಿಲ್ಲ. ಅಪ್ಪನ ತಮ್ಮನಿಗೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ಕೇಳಿದಳು. ಅಂಕಲ್ ಎಂದ. ಅವ್ವನ ಅಣ್ಣನಿಗೆ? ಅಂಕಲ್. ಅತ್ತೆಯ ಗಂಡನಿಗೆ? ಅಂಕಲ್. ಚಿಗವ್ವನ ಗಂಡನಿಗೆ? ಅವನೂ ಅಂಕಲ್. “ಎಂಥಾ ಮಂದಿ ಮಾರಾಯಾ” ಎಂದಳು ಚಿಗವ್ವ, “ಕರಿಯಾಕ ಎಲ್ಲಾರಿಗೂ ಒಂದs ಹೆಸರು. ಕೊಲ್ಲಾಕ ಮಾತ್ರ ಒಬ್ಬೊಬ್ಬರಿಗೆ ಒಂದೊಂದು!” ತೌಲನಿಕ ಭಾಷಾಶಾಸ್ತ್ರದಲ್ಲಿ ಇದಕ್ಕಿಂತ ಚೊಕ್ಕ ಮಾತು ನನಗೆ ಸಿಕ್ಕಿಲ್ಲ.

ಹುಡುಗ ಲಿಖಿತ ಪರೀಕ್ಷೆ ದಾಟಲಿಲ್ಲ. ಇಡೀ ಪ್ರಶ್ನೆಪತ್ರಿಕೆಯಲ್ಲಿ ಒಂದೂ ಖೂನಿ ಬಿದ್ದಿರಲಿಲ್ಲವಂತೆ.

ನಮ್ಮ ಕಾಲೇಜಿನ ದಿನಗಳಲ್ಲಿ ಇಷ್ಟು ಕಷ್ಟವಿರಲಿಲ್ಲ, ರ‍್ಯಾಪಿಡೆಕ್ಸ್ ಇತ್ತು. ಬಿಜಾಪುರದ ಕೋಟೆಗೆ ನಮ್ಮೂರ ಹೆಸರಿನದೇ ಒಂದು ಬಾಗಿಲುಂಟು, ಮನಗೂಳಿ ಅಗಸಿ. ಆದಿಲಶಾಹಿಗಳ ಊರೊಳಗೆ ಸ್ವಂತ ಅಗಸಿ ಇಟ್ಟುಕೊಂಡ ಊರಿನವರು ಎಂಬ ಗತ್ತಿನಲ್ಲಿ ನಾವು ಕಾಲೇಜಿಗೆ ಹೋದೆವು. ಅಲ್ಲಿ ನಮ್ಮ ಗತ್ತು ಒಂದೇ ವಾಕ್ಯಕ್ಕೆ ಇಳಿಯಿತು: ‘ವಾಟ್ ಈಸ್ ಯುವರ್ ಗುಡ್ ನೇಮ್?’ ಕೆಟ್ಟ ಹೆಸರೂ ಒಂದು ಇರುತ್ತದೆಯೇ ಎಂದು ಗಾಬರಿಯಾದವರೆಲ್ಲ ಸೇರಿ ರೊಕ್ಕ ಹಾಕಿ ರ‍್ಯಾಪಿಡೆಕ್ಸ್ ಕೊಂಡೆವು. ಅರವತ್ತು ದಿನದ ಪಾಠ. ಕಪಿಲ್ ದೇವ್ ಅದರ ಜಾಹೀರಾತಿಗೆ ನಿಂತಿದ್ದ. ವಿಶ್ವಕಪ್ ತಂದವನು ಸುಳ್ಳು ಹೇಳಲಿಕ್ಕಿಲ್ಲ ಎಂದು ನಂಬಿ, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬಿಬ್ಬರಂತೆ ನಿಂತು ಅಭ್ಯಾಸ ಮಾಡುತ್ತಿದ್ದೆವು. “ವಾಟ್ ಈಸ್ ದಿ ಟೈಮ್ ಬೈ ಯುವರ್ ವಾಚ್?” ಎಂದು ಒಬ್ಬ ಕೇಳಿದರೆ, “ಮೈ ವಾಚ್ ಈಸ್ ಫೈವ್ ಮಿನಿಟ್ಸ್ ಸ್ಲೋ” ಎಂದು ಇನ್ನೊಬ್ಬ. ಇಬ್ಬರ ಕೈಯಲ್ಲೂ ವಾಚ್ ಇರುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಹಿರಿಯರೊಬ್ಬರು ಮಾತ್ರ ಗಾಬರಿಯಾಗಿ ಬಸ್ಸು ಹೋಯಿತೇ ಎಂದು ವಿಚಾರಿಸುತ್ತಿದ್ದರು.

ಈ ಅವಸರದ ಭಾಷಾಕಲಿಕೆ ನಮ್ಮ ಕಾಲದ ಚಟ ಎಂದೇ ತಿಳಿದಿದ್ದೆ. ಹಾಗಲ್ಲ ಎಂದು ನನ್ನ ಕಿವಿ ಹಿಂಡಿದ್ದು ನಮ್ಮೂರಿನ ಒಂದು ಕಲ್ಲು.

ಮನಗೂಳಿಯಲ್ಲಿ ಕಲಚೂರಿ ಬಿಜ್ಜಳನ ಕಾಲದ, ಅಂದರೆ 12ನೇ ಶತಮಾನದ ಶಾಸನವಿದೆ. ಅದನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ ಐದನೇ ಸಂಪುಟದಲ್ಲಿ, 1898–99ರ ಹೊತ್ತಿಗೆ, ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್ ಎಂಬ ಸಾಹೇಬರು. ಹಳಗನ್ನಡದ ಈ ಕಲ್ಲಿಗೆ ಅವರ ಹತ್ತಿರ ಗೈಡಿರಲಿಲ್ಲ, ಆದರೂ ಬಿಡಿಸಿ ಓದಿದರು. ಆ ಕಾಲದ ದತ್ತಿಗಳಲ್ಲಿ ಒಂದು ನನ್ನ ಕಣ್ಣಿಗೆ ಬಿತ್ತು. ನಮ್ಮೂರಲ್ಲಿ ಕೌಮಾರ ವ್ಯಾಕರಣ ಹೇಳಿಕೊಡುವ ಉಪಾಧ್ಯಾಯರಿಗೆ ಭೂಮಿ ಬಿಟ್ಟುಕೊಟ್ಟಿದ್ದರು. ವ್ಯಾಕರಣದ ಮಾಸ್ತರಿಗೆ ಹೊಲ! ನಮ್ಮ ಇಂಗ್ಲಿಷ್ ಮಾಸ್ತರಿಗೆ ಇದನ್ನು ಹೇಳಿದ್ದರೆ ಅವರು ಆ ಉತಾರೆ ಹುಡುಕಿಕೊಂಡು ತಲಾಟಿ ಕಚೇರಿಗೆ ಹೋಗಿಬಿಡುತ್ತಿದ್ದರು.

ಹೊಲಕ್ಕಿಂತ ರಸವತ್ತಾದದ್ದು ಆ ವ್ಯಾಕರಣ ಹುಟ್ಟಿದ ಕತೆ. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬರುತ್ತದೆ. ಸಾತವಾಹನ ರಾಜ ರಾಣಿಯರ ಜೊತೆ ಕೊಳಕ್ಕಿಳಿದು ನೀರಾಟ ಆಡುತ್ತಿದ್ದ. ರಾಣಿಯೊಬ್ಬಳು ದಣಿದು, ನೀರು ಎರಚಬೇಡ ಎಂದು ಸಂಸ್ಕೃತದಲ್ಲಿ ಹೇಳಿದಳು. ‘ಮಾ’ ಎಂದರೆ ಬೇಡ, ‘ಉದಕೈಃ’ ಎಂದರೆ ನೀರಿನಿಂದ. ಎರಡೂ ಸಂಧಿಯಾಗಿ ‘ಮೋದಕೈಃ’ ಎಂದು ಕೇಳಿಸಿತು. ರಾಜನಿಗೆ ಸಂಧಿ ಗೊತ್ತಿಲ್ಲ, ಮೋದಕ ಗೊತ್ತು. ತಟ್ಟೆಗಟ್ಟಲೆ ಮೋದಕ ತರಿಸಿದ. ಕೊಳದೊಳಗೆ ನಿಂತ ರಾಣಿ ಗೊಳ್ಳೆಂದು ನಕ್ಕಳು. ರಾಜ ಅವಮಾನದಿಂದ ಮಾತು ಬಿಟ್ಟು ಕೂತ. ಆಸ್ಥಾನದ ಗುಣಾಢ್ಯ, ವ್ಯಾಕರಣಕ್ಕೆ ಬೇರೆಯವರಾದರೆ ಹನ್ನೆರಡು ವರ್ಷ ಬೇಕು, ನಾನು ಆರು ವರ್ಷದಲ್ಲಿ ಕಲಿಸುತ್ತೇನೆ ಎಂದ. ಶರ್ವವರ್ಮ ಎದ್ದು, ನಾನು ಆರು ತಿಂಗಳಲ್ಲಿ ಕಲಿಸುತ್ತೇನೆ ಎಂದ. ಆಗಲಿಕ್ಕಿಲ್ಲ ಎಂದು ಗುಣಾಢ್ಯ ಪಣ ಕಟ್ಟಿದ. ಶರ್ವವರ್ಮ ಕುಮಾರಸ್ವಾಮಿಯನ್ನು ಒಲಿಸಿಕೊಂಡು, ಅವನ ಕೃಪೆಯಿಂದ ಸಣ್ಣದಾದ ಸುಲಭ ವ್ಯಾಕರಣ ತಂದು, ಹೇಳಿದ ಅವಧಿಯಲ್ಲೇ ರಾಜನಿಗೆ ಕಲಿಸಿದ. ಕುಮಾರ ಕೊಟ್ಟದ್ದಕ್ಕೆ ಕೌಮಾರ. ಗುಣಾಢ್ಯ ಪಣ ಸೋತು ದೊಡ್ಡ ಭಾಷೆಗಳನ್ನೆಲ್ಲ ಬಿಟ್ಟು ಕಾಡು ಸೇರಿ, ಪೈಶಾಚಿಯಲ್ಲಿ ಬೃಹತ್ಕಥೆ ಬರೆದ.

ಅಂದರೆ ನಮ್ಮೂರಿನ ಹಿರಿಯರು ಹೊಲ ಕೊಟ್ಟು ಇಟ್ಟುಕೊಂಡಿದ್ದದ್ದು ಕ್ರ್ಯಾಶ್ ಕೋರ್ಸಿನ ಮಾಸ್ತರನ್ನೇ. ಆಗ ಆರು ತಿಂಗಳು, ನಮಗೆ ಅರವತ್ತು ದಿನ, ಈಗ ಗೋಡೆಗೆ ಹಚ್ಚಿದ ಚೀಟಿಗಳಲ್ಲಿ ಮೂವತ್ತು ದಿನ. ಹೆಂಡತಿ ನಕ್ಕಳೆಂದು ಭಾಷೆ ಕಲಿಯಲು ಹೊರಟ ರಾಜನಿಗೂ, ಸಂಬಂಧ ನೋಡಲು ಹೋದಲ್ಲಿ ಹುಡುಗಿ ಇಂಗ್ಲಿಷಿನಲ್ಲಿ ಮಾತಾಡಿದಳೆಂದು ಮಾರನೆಯ ದಿನ ಸ್ಪೋಕನ್ ಕ್ಲಾಸಿಗೆ ಹೆಸರು ಹಚ್ಚಿಸಿದ ನನ್ನ ಗೆಳೆಯನಿಗೂ ಏನು ವ್ಯತ್ಯಾಸ? ರಾಜನಿಗೆ ಕನಿಷ್ಠ ಮೋದಕ ಸಿಕ್ಕವು.

2007ರಿಂದ ಸರ್ಕಾರಿ ಕನ್ನಡ ಸಾಲಿಯಲ್ಲೂ ಒಂದನೇ ಇಯತ್ತೆಗೇ ಇಂಗ್ಲಿಷ್ ಬಂದಿದೆ. ಪಕ್ಕದ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ಎದ್ದ ಮೇಲೆ ಹೊರಗಿನ ಮಂದಿ ಬಂದು, ನಮ್ಮ ಹೆದ್ದಾರಿಯ ಖಾನಾವಳಿಗಳವರು ಹಿಂದಿ, ಇಂಗ್ಲಿಷ್, ತೆಲುಗು ಎಲ್ಲ ಬೆರೆಸಿ ಒಂದೇ ಉಸಿರಿನಲ್ಲಿ ಊಟದ ಯಾದಿ ಹೇಳುತ್ತಾರೆ. ಅವರು ಯಾವ ಗೈಡನ್ನೂ ಓದಿದವರಲ್ಲ. ಕಾಕಾ ಕಲಿತ ರೀತಿ ಇನ್ನೂ ವಿಚಿತ್ರ. ಅವನಿಗೆ ಇಂಗ್ಲಿಷ್ ಕಲಿಸಿದ್ದು ಫೋನಿನೊಳಗಿನ ಹೆಣ್ಣುಮಗಳು. ದಲಾಲಿಗೆ ಫೋನ್ ಹಚ್ಚಿದಾಗಲೆಲ್ಲ ಆಕೆ ಮೊದಲು ಕನ್ನಡದಲ್ಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಬೇಸರವಿಲ್ಲದೆ, ಸ್ವಚ್ಛ ಉಚ್ಚಾರದಲ್ಲಿ ಹೇಳುತ್ತಾಳೆ. ಅರ್ಥವೂ ಇದೆ, ಉದಾಹರಣೆಯೂ ಇದೆ, ಎತ್ತದ ದಲಾಲಿ ಇರುವುದರಿಂದ ಸಂದರ್ಭವೂ ಇದೆ. ಮುಲ್ಕಿ ಓದಿದ ಕಾಕಾನಿಗೆ ಇಂಗ್ಲಿಷಿನ ನಾಲ್ಕಾರು ದೊಡ್ಡ ವಾಕ್ಯಗಳು ಒಂದು ಅಕ್ಷರ ತಪ್ಪದೆ ಬಾಯಿಗೆ ಬಂದದ್ದು ಹೀಗೆ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಮೊನ್ನೆ ಯುಗಾದಿಗೆ ಊರಿಗೆ ಹೋದಾಗ ಕಾಕಾನ ಫೋನ್ ಹೊಡೆದುಕೊಂಡಿತು. ನನ್ನ ಕಡೆ ನೋಡಿ, ತಡಿ ಎಂದು ಕೈ ಮಾಡಿ, ಸ್ಪೀಕರ್ ಒತ್ತಿದ. ಯಾವುದೋ ದೂರದ ಊರಿನ ಹುಡುಗಿ ಒಂದೇ ದಮ್ಮಿಗೆ ಶುರು ಮಾಡಿದಳು: “ಗುಡ್ ಆಫ್ಟರ್‌ನೂನ್ ಸರ್, ಆರ್ ಯು ಇಂಟರೆಸ್ಟೆಡ್ ಇನ್ ಎ ಪರ್ಸನಲ್ ಲೋನ್?”

ಕಾಕಾ ಗಂಟಲು ಸರಿ ಮಾಡಿಕೊಂಡ. ದನಿಯನ್ನು ಸ್ವಲ್ಪ ಸಣ್ಣಗೆ ಮಾಡಿದ. “ದಿ ಸಬ್‌ಸ್ಕ್ರೈಬರ್ ಯು ಆರ್ ಕಾಲಿಂಗ್,” ಎಂದ ನಿಧಾನವಾಗಿ, “ಈಸ್ ಕರೆಂಟ್ಲಿ ನಾಟ್ ಆನ್ಸರಿಂಗ್. ಪ್ಲೀಸ್ ಟ್ರೈ ಆಫ್ಟರ್ ಸಮ್ ಟೈಮ್.”

ಆ ಕಡೆ ಒಂದು ಗಳಿಗೆ ಸಪ್ಪಳವಿಲ್ಲ. ಆಮೇಲೆ “ಓಕೆ ಸರ್, ಥ್ಯಾಂಕ್ಯೂ ಸರ್” ಎಂದು ಬಹಳ ಮರ್ಯಾದೆಯಿಂದ ಫೋನ್ ಇಟ್ಟಳು.

“ಕಾಕಾ, ಆಕಿ ಖರೇನs ಸಮ್ ಟೈಮ್ ಬಿಟ್ಟು ಮತ್ತ ಹಚ್ಚಿದ್ರ?” ಎಂದು ಕೇಳಿದೆ.

“ಹಚ್ಚಲಿ ತಗೋ” ಎಂದ ಕಾಕಾ, ಅಡಕೊತ್ತಿನಲ್ಲಿ ಅಡಕೆ ಕತ್ತರಿಸುತ್ತಾ. “ಸ್ವಿಚ್ಡ್ ಆಫ್ ಇನ್ನೂ ಬಾಕಿ ಐತಿ.”